ಸಕ್ಕರೆ ದ್ವೀಪಕ್ಕೆ ಸಿಕ್ಕ ಖಾತರಿ ಬೆಲೆ: ಮಾರಿಷಸ್ ಕಬ್ಬು ಮತ್ತು ಯುರೋಪ್ ಮಾರುಕಟ್ಟೆ

ಹಿಂದೂ ಮಹಾಸಾಗರದಲ್ಲಿ, ಮಡಗಾಸ್ಕರ್‌ನಿಂದ ಪೂರ್ವಕ್ಕೆ ಸುಮಾರು 800 ಕಿ.ಮೀ. ದೂರದಲ್ಲಿರುವ ಪುಟ್ಟ ದೇಶ ಮಾರಿಷಸ್. 1810ರಿಂದ 1968ರವರೆಗೆ ಇದು ಬ್ರಿಟಿಷರ ವಸಾಹತು. ಈ ದ್ವೀಪದವರು ಬೆಳೆಯುತ್ತಿದ್ದುದು ಮುಖ್ಯವಾಗಿ ಒಂದೇ ಬೆಳೆ, ಕಬ್ಬು. ಹೊರದೇಶಕ್ಕೆ ಮಾರುತ್ತಿದ್ದುದೂ ಮುಖ್ಯವಾಗಿ ಒಂದೇ ಸರಕು, ಸಕ್ಕರೆ. ಅದನ್ನು ಕೊಳ್ಳುವ ದೊಡ್ಡ ಗಿರಾಕಿಯೂ ಒಬ್ಬನೇ, ಬ್ರಿಟನ್. ಆ ಗಿರಾಕಿ 1961ರಲ್ಲಿ ತಾನು ಯುರೋಪಿನ ಸಾಮಾನ್ಯ ಮಾರುಕಟ್ಟೆಗೆ ಸೇರುವುದಾಗಿ ಹೇಳಿದಾಗ, ಇಡೀ ದ್ವೀಪದ ಅನ್ನದ ಪ್ರಶ್ನೆ ಎದುರಾಯಿತು.

ಅಲ್ಲಿಂದ ಮುಂದಿನ ಅರ್ಧ ಶತಮಾನದಲ್ಲಿ ಮಾರಿಷಸ್ ತನ್ನ ಸಕ್ಕರೆಗೆ ಯುರೋಪಿನಲ್ಲಿ ರಿಯಾಯಿತಿ ಪಡೆದದ್ದು, ಅದರಿಂದ ಬದುಕು ಕಟ್ಟಿಕೊಂಡದ್ದು, ಕೊನೆಗೆ ಅದನ್ನು ಕಳೆದುಕೊಂಡದ್ದು ಕಬ್ಬು ಬೆಳೆಯುವ ಯಾವ ಸೀಮೆಯವರಿಗಾದರೂ ತಿಳಿಯಬೇಕಾದ ಸಂಗತಿ. ಭಾರತಕ್ಕೂ ಇದೇ ಒಪ್ಪಂದದಲ್ಲಿ ಒಂದು ಸಣ್ಣ ಪಾಲಿತ್ತು.

ಕಬ್ಬು ಬಂದದ್ದು, ಕೂಲಿಗಳು ಬಂದದ್ದು

ಮಾರಿಷಸ್‌ಗೆ ಕಬ್ಬನ್ನು ತಂದವರು ಡಚ್ಚರು. 1639ರಲ್ಲಿ ಜಾವಾದಿಂದ ಕಬ್ಬಿನ ತುಂಡುಗಳು ಇಲ್ಲಿಗೆ ಬಂದವು. ಡಚ್ಚರು 1710ರಲ್ಲಿ ದ್ವೀಪ ಬಿಟ್ಟ ಮೇಲೆ 1715ರಲ್ಲಿ ಫ್ರೆಂಚರು ಬಂದು, ಗುಲಾಮರ ದುಡಿಮೆಯಿಂದ ಸಕ್ಕರೆ ಮಾಡಿಸಿದರು. 1810ರಲ್ಲಿ ಬ್ರಿಟಿಷರು ದ್ವೀಪವನ್ನು ಗೆದ್ದುಕೊಂಡರು.

ಬ್ರಿಟಿಷರ ಕಾಲದ ಮೊದಲ ದೊಡ್ಡ ತಿರುವು ಒಂದು ಸುಂಕದ ಆದೇಶ. ವೆಸ್ಟ್ ಇಂಡೀಸ್ ಸಕ್ಕರೆಗಿಂತ ಮಾರಿಷಸ್ ಸಕ್ಕರೆಗೆ ಬ್ರಿಟನ್‌ನಲ್ಲಿ ಹೆಚ್ಚಿನ ಸುಂಕ ಬೀಳುತ್ತಿತ್ತು. 1825ರಲ್ಲಿ ಎರಡಕ್ಕೂ ಒಂದೇ ಸುಂಕ ಎಂದಾಯಿತು. ಕೆಲವೇ ವರ್ಷಗಳಲ್ಲಿ ದ್ವೀಪದ ತುಂಬ ಕಬ್ಬು ಹಬ್ಬಿತು. ಸುಂಕದ ಒಂದು ಸಾಲು ಬದಲಾದರೆ ಸಾವಿರಾರು ಎಕರೆಯ ಬೆಳೆ ಬದಲಾಗುತ್ತದೆ ಎಂಬುದಕ್ಕೆ ಇದು ಮೊದಲ ಸಾಕ್ಷಿ.

1835ರಲ್ಲಿ ಅಲ್ಲಿ ಗುಲಾಮಗಿರಿ ರದ್ದಾಯಿತು. ಅಷ್ಟರಲ್ಲಿ, 1834ರಲ್ಲೇ, ತೋಟದ ಮಾಲೀಕರು ಭಾರತದಿಂದ ಕರಾರು ಕೂಲಿಗಳನ್ನು ಕರೆಸಲು ತೊಡಗಿದ್ದರು. 20ನೇ ಶತಮಾನದ ಆರಂಭದವರೆಗೆ ನಾಲ್ಕೂವರೆ ಲಕ್ಷಕ್ಕೂ ಹೆಚ್ಚು ಭಾರತೀಯರು ಅಲ್ಲಿಗೆ ಹೋದರು. ಬಿಹಾರದ ಭೋಜ್‌ಪುರಿ ಸೀಮೆಯವರು ಹೆಚ್ಚು. ಮದ್ರಾಸ್ ಪ್ರಾಂತ್ಯದ ತಮಿಳರು, ತೆಲುಗರು, ಮುಂಬೈ ಪ್ರಾಂತ್ಯದ ರತ್ನಾಗಿರಿ ಕಡೆಯ ಮರಾಠಿಗರೂ ಹೋದರು. ಇವತ್ತಿಗೂ ಅಲ್ಲಿ ಮರಾಠಿ, ತೆಲುಗು, ತಮಿಳು ಸಂಘಗಳಿವೆ. ಮಾರಿಷಸ್ ರೂಪಾಯಿ ನೋಟಿನ ಮೇಲೆ ಇಂಗ್ಲಿಷಿನ ಜತೆ ತಮಿಳು ಮತ್ತು ಹಿಂದಿ ಅಕ್ಷರಗಳನ್ನು ಕಾಣಬಹುದು. ಕೂಲಿಗಳು ಹಡಗಿನಿಂದ ಇಳಿಯುತ್ತಿದ್ದ ಪೋರ್ಟ್ ಲೂಯಿ ಬಂದರಿನ ಆಪ್ರವಾಸಿ ಘಾಟ್ 2006ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಮುಂದೆ ದೊಡ್ಡ ತೋಟಗಳ ಅಂಚಿನ ಜಮೀನನ್ನು ತುಂಡು ತುಂಡಾಗಿ ಮಾರಿದಾಗ, ಉಳಿತಾಯ ಮಾಡಿದ್ದ ಕೂಲಿಗಳು ಅದನ್ನು ಕೊಂಡು ಸಣ್ಣ ಬೆಳೆಗಾರರಾದರು. ಫ್ಯಾಕ್ಟರಿ ಮಾತ್ರ ಎಸ್ಟೇಟ್ ಮಾಲೀಕರ ಕೈಯಲ್ಲೇ ಉಳಿಯಿತು. ಕಬ್ಬು ಬೆಳೆಗಾರನದು, ತೂಕ ಮತ್ತು ದರ ಫ್ಯಾಕ್ಟರಿಯದು ಎಂಬ ತಕರಾರು ಅಲ್ಲೂ ಹುಟ್ಟಿತು. 1937ರಲ್ಲಿ ಸಣ್ಣ ಬೆಳೆಗಾರರು ಹೆಚ್ಚಾಗಿ ಬೆಳೆಯುತ್ತಿದ್ದ ಊಬಾ ತಳಿಯ ಕಬ್ಬಿಗೆ ಫ್ಯಾಕ್ಟರಿಗಳು ದರ ಇಳಿಸಿದಾಗ ಗಲಭೆಯಾಯಿತು. ಯೂನಿಯನ್ ಫ್ಲಾಕ್ ಎಸ್ಟೇಟ್‌ನಲ್ಲಿ ಗುಂಡು ಹಾರಿ ಜನ ಸತ್ತರು. 1943ರಲ್ಲಿ ಬೆಲ್ ವ್ಯೂ ಹಾರೆಲ್ ಎಸ್ಟೇಟ್‌ನಲ್ಲಿ ಕೂಲಿಗಳ ಮುಷ್ಕರದ ವೇಳೆ ನಡೆದ ಗೋಲಿಬಾರ್‌ನಲ್ಲಿ ಅಂಜಲೈ ಕೂಪನ್ ಎಂಬ ಗರ್ಭಿಣಿ ಹೆಣ್ಣುಮಗಳೂ ಸೇರಿ ನಾಲ್ವರು ಪ್ರಾಣ ಕಳೆದುಕೊಂಡರು. ಅಲ್ಲಿನ ಒಂದು ಕ್ರೀಡಾಂಗಣಕ್ಕೆ ಈಕೆಯ ಹೆಸರಿಡಲಾಗಿದೆ.

1951ರ ಕಾಮನ್‌ವೆಲ್ತ್ ಸಕ್ಕರೆ ಒಪ್ಪಂದ

ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಸರ್ಕಾರ ವಸಾಹತುಗಳ ಸಕ್ಕರೆಯನ್ನು ಸಗಟಾಗಿ ಕೊಳ್ಳುತ್ತಿತ್ತು. ಯುದ್ಧ ಮುಗಿದ ಮೇಲೂ ಬ್ರಿಟನ್‌ಗೆ ಸಕ್ಕರೆಯ ಅಭಾವ, ಡಾಲರ್‌ನ ಅಭಾವ ಎರಡೂ ಇದ್ದವು. ಕ್ಯೂಬಾದ ಸಕ್ಕರೆಗೆ ಡಾಲರ್ ಕೊಡಬೇಕು, ವಸಾಹತಿನ ಸಕ್ಕರೆಗೆ ಪೌಂಡ್ ಕೊಟ್ಟರೆ ಸಾಕು. ಈ ಹಿನ್ನೆಲೆಯಲ್ಲಿ 1951ರ ಡಿಸೆಂಬರ್‌ನಲ್ಲಿ ಕಾಮನ್‌ವೆಲ್ತ್ ಸಕ್ಕರೆ ಒಪ್ಪಂದಕ್ಕೆ ಸಹಿ ಬಿತ್ತು. ವೆಸ್ಟ್ ಇಂಡೀಸ್, ಆಸ್ಟ್ರೇಲಿಯಾ, ಫಿಜಿ, ಮಾರಿಷಸ್ ಮುಂತಾದವು ಇದರಲ್ಲಿದ್ದವು.

ಒಪ್ಪಂದದ ತಿರುಳು ಸರಳ. ಪ್ರತಿ ದೇಶಕ್ಕೂ ಇಷ್ಟು ಟನ್ ಎಂದು ಕೋಟಾ. ಆ ಕೋಟಾದೊಳಗಿನ ಸಕ್ಕರೆಗೆ ಮಾತುಕತೆಯಿಂದ ಮೊದಲೇ ಗೊತ್ತುಮಾಡಿದ ಬೆಲೆ. ಮಾರಿಷಸ್‌ನ ಪಾಲು 1960ರ ದಶಕದ ಕೊನೆಗೆ ಸುಮಾರು 3.8 ಲಕ್ಷ ಟನ್. ಆಗಿನ ಮೂಲ ದರ ಟನ್ನಿಗೆ 43 ಪೌಂಡ್ 10 ಶಿಲಿಂಗ್. ಅದೇ ವರ್ಷಗಳಲ್ಲಿ ವಿಶ್ವ ಮಾರುಕಟ್ಟೆಯ ದರ ತೂಕದ ಒಂದು ಪೌಂಡಿಗೆ ಎರಡು ಅಮೆರಿಕನ್ ಸೆಂಟ್‌ಗೂ ಕೆಳಗೆ ಕುಸಿದಿತ್ತು. ಲೆಕ್ಕ ಹಾಕಿದರೆ ಖಾತರಿ ಬೆಲೆ ಅದರ ಎರಡು ಪಟ್ಟಿಗೂ ಹೆಚ್ಚು.

ವಿಶ್ವ ಬೆಲೆ ಎಂಬುದು ಹೆಸರಿಗೆ ಮಾತ್ರ ದೊಡ್ಡದು ಎಂಬುದನ್ನು ಇಲ್ಲಿ ಗಮನಿಸಬೇಕು. ಅಂದು ಹೆಚ್ಚಿನ ಸಕ್ಕರೆ ಇಂಥ ವಿಶೇಷ ಒಪ್ಪಂದಗಳಡಿಯಲ್ಲೇ ಮಾರಾಟವಾಗುತ್ತಿತ್ತು. ಅಮೆರಿಕಕ್ಕೆ ಅದರದೇ ಕೋಟಾ ಇತ್ತು. ಎಲ್ಲ ಒಪ್ಪಂದ ಮುಗಿದು ಮಿಕ್ಕ ಸಕ್ಕರೆ ಬಂದು ಬೀಳುವ ಜಾಗವೇ ವಿಶ್ವ ಮಾರುಕಟ್ಟೆ. ಹಾಗಾಗಿ ಸ್ವಲ್ಪ ಹೆಚ್ಚಾದರೆ ಬೆಲೆ ನೆಲಕ್ಕೆ, ಸ್ವಲ್ಪ ಕಡಿಮೆಯಾದರೆ ಆಕಾಶಕ್ಕೆ.

ಮಾರಿಷಸ್‌ಗೆ ಈ ಖಾತರಿ ಯಾಕೆ ಪ್ರಾಣವಾಗಿತ್ತು ಎಂಬುದಕ್ಕೆ 1960 ಒಂದು ಉದಾಹರಣೆ. ಆ ವರ್ಷ ಜನವರಿ ಮತ್ತು ಫೆಬ್ರವರಿಯಲ್ಲಿ ಅಲಿಕ್ಸ್, ಕರೋಲ್ ಎಂಬ ಎರಡು ಚಂಡಮಾರುತಗಳು ಬೆನ್ನು ಬೆನ್ನಿಗೆ ಬಂದು ಸಕ್ಕರೆ ಉತ್ಪಾದನೆ ಹಿಂದಿನ ವರ್ಷದ ಅರ್ಧಕ್ಕೂ ಕೆಳಗಿಳಿಯಿತು. ಸಾಗುವಳಿ ಜಮೀನಿನ ಬಹುಪಾಲು ಕಬ್ಬಿನದೇ. ಮಲೇರಿಯಾ ಹತೋಟಿಗೆ ಬಂದ ಮೇಲೆ ಜನಸಂಖ್ಯೆ ವೇಗವಾಗಿ ಏರುತ್ತಿತ್ತು. ಬ್ರಿಟಿಷ್ ಅರ್ಥಶಾಸ್ತ್ರಜ್ಞ ಜೇಮ್ಸ್ ಮೀಡ್ 1961ರ ವರದಿಯಲ್ಲಿ ದ್ವೀಪದ ಭವಿಷ್ಯದ ಬಗ್ಗೆ ಗಂಭೀರ ಆತಂಕ ವ್ಯಕ್ತಪಡಿಸಿ, ಸಕ್ಕರೆಯೊಂದನ್ನೇ ನಂಬದೆ ಬೇರೆ ಉದ್ಯೋಗ ಹುಡುಕಬೇಕೆಂದು ಹೇಳಿದ್ದರು.

ರೋಮ್ ಒಪ್ಪಂದ: ಪಕ್ಕದ ದ್ವೀಪ ಒಳಗೆ, ಮಾರಿಷಸ್ ಹೊರಗೆ

1957ರ ಮಾರ್ಚ್ 25ರಂದು ಫ್ರಾನ್ಸ್, ಪಶ್ಚಿಮ ಜರ್ಮನಿ, ಇಟಲಿ, ಬೆಲ್ಜಿಯಂ, ನೆದರ್‌ಲ್ಯಾಂಡ್ಸ್, ಲಕ್ಸೆಂಬರ್ಗ್ ಸೇರಿ ರೋಮ್‌ನಲ್ಲಿ ಸಹಿ ಮಾಡಿದ ಒಪ್ಪಂದದಿಂದ ಯುರೋಪಿಯನ್ ಆರ್ಥಿಕ ಸಮುದಾಯ ಹುಟ್ಟಿತು. 1958ರ ಜನವರಿ 1ರಿಂದ ಜಾರಿಗೆ ಬಂದ ಇದರ ನಿಯಮ ಎರಡು. ಸದಸ್ಯರ ನಡುವೆ ಸುಂಕ ಇರಬಾರದು. ಹೊರಗಿನವರಿಗೆ ಎಲ್ಲ ಸದಸ್ಯರೂ ಒಂದೇ ಸುಂಕ ಹಾಕಬೇಕು.

ಫ್ರಾನ್ಸ್ ತನ್ನ ವಸಾಹತುಗಳನ್ನು ಮರೆಯಲಿಲ್ಲ. ಅವುಗಳಿಗೆ ಸಹವರ್ತಿ ಸ್ಥಾನ ಕೊಡಿಸಿತು. ಮಾರಿಷಸ್‌ನಿಂದ ಸುಮಾರು 200 ಕಿ.ಮೀ. ದೂರದ ರಿಯೂನಿಯನ್ ದ್ವೀಪ 1946ರಿಂದಲೇ ಫ್ರಾನ್ಸಿನ ಒಂದು ಜಿಲ್ಲೆಯಂತಾಗಿತ್ತು. ಅಲ್ಲಿಯೂ ಅದೇ ಮಣ್ಣು, ಅದೇ ಗಾಳಿ, ಅದೇ ಕಬ್ಬು. ಆದರೆ ರಿಯೂನಿಯನ್ ಸಕ್ಕರೆ ಯುರೋಪಿನ ಮನೆಯೊಳಗಿನ ಸಕ್ಕರೆ, ಮಾರಿಷಸ್ ಸಕ್ಕರೆ ಬೇಲಿಯಾಚೆಯದು. ಎರಡು ಊರುಗಳ ನಡುವೆ ಗಡಿಗೆರೆ ಬಿದ್ದಾಗ ಏನಾಗುತ್ತದೆ ಎಂಬುದು ಗಡಿಭಾಗದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಸಮುದಾಯದ ಸಕ್ಕರೆ ನೀತಿ ಜಾರಿಗೆ ಬಂದದ್ದು 1968ರ ಜುಲೈ 1ರಂದು. ಯುರೋಪಿನ ರೈತರು ಸಕ್ಕರೆ ತೆಗೆಯುವುದು ಬೀಟ್ ಗೆಡ್ಡೆಯಿಂದ. ಅವರಿಗೆ ಒಳ್ಳೆಯ ಖಾತರಿ ಬೆಲೆ ನಿಗದಿಯಾಯಿತು. ಹೊರಗಿನಿಂದ ಅಗ್ಗದ ಸಕ್ಕರೆ ಬಾರದಂತೆ, ವಿಶ್ವ ಬೆಲೆಗೂ ಯುರೋಪಿನ ಬೆಲೆಗೂ ಇರುವ ಅಂತರವನ್ನೆಲ್ಲ ನುಂಗುವ ಲೆವಿ ಹಾಕಲಾಯಿತು. ವಿಶ್ವ ಬೆಲೆ ಇಳಿದಷ್ಟೂ ಲೆವಿ ಏರುತ್ತಿತ್ತು. ಹೊರಗಿನ ಮಾರಾಟಗಾರ ಎಷ್ಟೇ ಅಗ್ಗಕ್ಕೆ ಕೊಟ್ಟರೂ ಒಳಗೆ ನುಗ್ಗುವಂತಿರಲಿಲ್ಲ.

ಬ್ರಿಟನ್ ಕದ ತಟ್ಟಿದ ಹನ್ನೆರಡು ವರ್ಷ

1961ರ ಆಗಸ್ಟ್‌ನಲ್ಲಿ ಬ್ರಿಟನ್ ಸಮುದಾಯ ಸೇರಲು ಅರ್ಜಿ ಹಾಕಿತು. 1963ರ ಜನವರಿ 14ರಂದು ಫ್ರಾನ್ಸಿನ ಅಧ್ಯಕ್ಷ ಡಿಗಾಲ್ ಅದಕ್ಕೆ ಅಡ್ಡಗಾಲು ಹಾಕಿದರು. 1967ರಲ್ಲಿ ಎರಡನೇ ಅರ್ಜಿ, ಅದೇ ವರ್ಷ ನವೆಂಬರ್‌ನಲ್ಲಿ ಎರಡನೇ ನಿರಾಕರಣೆ. ಈ ನಡುವೆ 1968ರ ಮಾರ್ಚ್ 12ರಂದು ಮಾರಿಷಸ್ ಸ್ವತಂತ್ರವಾಯಿತು. ಶಿವಸಾಗರ್ ರಾಮ್‌ಗುಲಾಮ್ ಮೊದಲ ಪ್ರಧಾನಿಯಾದರು. ಧ್ವಜ ಬದಲಾದರೂ ಸಕ್ಕರೆ ಹೋಗುತ್ತಿದ್ದುದು ಅದೇ ಬ್ರಿಟನ್‌ಗೆ, ಅದೇ ಒಪ್ಪಂದದಡಿ.

1970ರಲ್ಲಿ ಮಾತುಕತೆ ಮತ್ತೆ ಶುರುವಾದಾಗ, ಈ ಬಾರಿ ಬ್ರಿಟನ್ ಸೇರುವುದು ಬಹುತೇಕ ಖಚಿತವಾಗಿತ್ತು. 1971ರ ಜೂನ್‌ನಲ್ಲಿ ಲಂಡನ್ನಿನ ಲ್ಯಾಂಕಾಸ್ಟರ್ ಹೌಸ್‌ನಲ್ಲಿ ಬ್ರಿಟನ್ ಮತ್ತು ಸಕ್ಕರೆ ದೇಶಗಳ ಪ್ರತಿನಿಧಿಗಳು ಕೂತರು. ಯುರೋಪ್ ಕೊಟ್ಟಿದ್ದ ಮಾತು, ಸಕ್ಕರೆಯನ್ನೇ ನಂಬಿದ ದೇಶಗಳ ಹಿತ ಕಾಯುವುದು ತನ್ನ ಉದ್ದೇಶ ಎಂಬಷ್ಟೇ. ಅದರಲ್ಲಿ ಟನ್ ಇರಲಿಲ್ಲ, ಬೆಲೆ ಇರಲಿಲ್ಲ, ವರ್ಷವೂ ಇರಲಿಲ್ಲ. ಬ್ರಿಟನ್ ಮತ್ತು ಸಕ್ಕರೆ ದೇಶಗಳು ಇದನ್ನು ಖಚಿತ ಭರವಸೆ ಎಂದೇ ಅರ್ಥ ಮಾಡಿಕೊಳ್ಳುವುದಾಗಿ ಜಂಟಿ ಹೇಳಿಕೆ ಹೊರಡಿಸಿದವು. 1972ರ ಜನವರಿಯಲ್ಲಿ ಸಹಿಯಾದ ಸೇರ್ಪಡೆ ಒಪ್ಪಂದದ 22ನೇ ಅನುಬಂಧದಲ್ಲಿ ಈ ಮಾತು ಸೇರಿತು. ಹಳೆಯ ಕಾಮನ್‌ವೆಲ್ತ್ ಒಪ್ಪಂದ 1974ರ ಕೊನೆಯವರೆಗೆ ಮಾತ್ರ ನಡೆಯುವುದೆಂದು ತೀರ್ಮಾನವಾಯಿತು. 1973ರ ಜನವರಿ 1ರಂದು ಬ್ರಿಟನ್ ಸಮುದಾಯದ ಸದಸ್ಯನಾಯಿತು.

ಎಲ್ಲರಿಗೂ ಒಂದೇ ನ್ಯಾಯ ಸಿಗಲಿಲ್ಲ. ಆಸ್ಟ್ರೇಲಿಯಾ ಶ್ರೀಮಂತ ದೇಶವೆಂದು ಅದರ ಕೋಟಾ ಕೈಬಿಡಲಾಯಿತು. ಆಫ್ರಿಕಾ, ಕೆರಿಬಿಯನ್, ಪೆಸಿಫಿಕ್ ಭಾಗದ ದೇಶಗಳಿಗೆ ಸಹವರ್ತಿಗಳಾಗಲು ಆಹ್ವಾನ ಬಂತು. ಭಾರತದಂಥ ಏಷ್ಯಾದ ದೊಡ್ಡ ದೇಶಗಳಿಗೆ ಆ ಆಹ್ವಾನ ಇರಲಿಲ್ಲ, ವ್ಯಾಪಾರ ಬೆಳೆಸುವ ಆಶಯದ ಹೇಳಿಕೆ ಮಾತ್ರ. ಭಾರತ ಮತ್ತು ಸಮುದಾಯದ ನಡುವೆ ವಾಣಿಜ್ಯ ಸಹಕಾರ ಒಪ್ಪಂದವಾದದ್ದು 1973ರ ಡಿಸೆಂಬರ್‌ನಲ್ಲಿ.

ಮಾರಿಷಸ್ ಇಲ್ಲಿ ಒಂದು ಜಾಣ ಹೆಜ್ಜೆ ಇಟ್ಟಿತು. ಬ್ರಿಟನ್ ಸೇರುವುದನ್ನು ಕಾಯುತ್ತ ಕೂರದೆ, 1972ರ ಮೇ ತಿಂಗಳಲ್ಲಿ ಯವುಂಡೆ ಒಪ್ಪಂದಕ್ಕೆ ತಾನೇ ಸೇರಿಕೊಂಡಿತು. ಇದು 1963ರಲ್ಲಿ ಆಫ್ರಿಕಾದ 18 ದೇಶಗಳೊಂದಿಗೆ ಯುರೋಪ್ ಮಾಡಿಕೊಂಡಿದ್ದ ಒಪ್ಪಂದ. ಕಾಮನ್‌ವೆಲ್ತ್ ದೇಶಗಳಲ್ಲಿ ಹೀಗೆ ಮಾಡಿದ್ದು ಮಾರಿಷಸ್ ಒಂದೇ. ಫ್ರೆಂಚ್ ಭಾಷೆ ಬಲ್ಲ ದೇಶ ಎಂಬುದೂ ಇದಕ್ಕೆ ನೆರವಾಯಿತು.

1974ರ ಬೆಲೆ ಏರಿಕೆ ಮತ್ತು ಲೋಮೆ ಒಪ್ಪಂದ

ಹಳೆಯ ಒಪ್ಪಂದ ಮುಗಿಯುವ ಹೊತ್ತಿಗೆ ಜಗತ್ತಿನಲ್ಲಿ ಸಕ್ಕರೆಗೆ ಹಾಹಾಕಾರ. 1974ರ ನವೆಂಬರ್‌ನಲ್ಲಿ ವಿಶ್ವ ಬೆಲೆ ತೂಕದ ಒಂದು ಪೌಂಡಿಗೆ 60 ಸೆಂಟ್ ದಾಟಿತು. ಕೆಲವೇ ವರ್ಷಗಳ ಹಿಂದೆ ಇದು ಎರಡು ಸೆಂಟ್ ಇತ್ತು. ಬ್ರಿಟನ್ನಿನ ಅಂಗಡಿಗಳಲ್ಲಿ ಸಕ್ಕರೆ ಸಿಗದಂತಾಯಿತು. ಬೇಲಿಯಾಚೆ ಇಡಲು ನೋಡಿದ್ದ ಸಕ್ಕರೆಯೇ ಈಗ ಯುರೋಪಿಗೆ ಬೇಕಾಯಿತು.

ಸಕ್ಕರೆ ದೇಶಗಳ ಮುಂದೆ ಎರಡು ದಾರಿ. ಸಿಕ್ಕಷ್ಟು ದರಕ್ಕೆ ಈಗಲೇ ಮಾರಿಕೊಳ್ಳುವುದು ಒಂದು. ಈ ಬಿಸಿಯಲ್ಲೇ ದೀರ್ಘಕಾಲದ ಖಾತರಿ ಬರೆಸಿಕೊಳ್ಳುವುದು ಇನ್ನೊಂದು. ಅವು ಎರಡನೆಯದನ್ನು ಹಿಡಿದವು. ಮಾರಿಷಸ್‌ನ ಕೃಷಿ ಸಚಿವ ಸತ್ಕಾಮ್ ಬುಲೆಲ್ ಈ ಮಾತುಕತೆಯ ಪ್ರಮುಖರಲ್ಲಿ ಒಬ್ಬರು. ಮೊದಲ ವರ್ಷಕ್ಕೆ ಯುರೋಪಿನ ದರಕ್ಕಿಂತ ಹೆಚ್ಚು ಕೊಡಲು ಬ್ರಿಟನ್ ಒಪ್ಪಿತು.

1975ರ ಫೆಬ್ರವರಿ 28ರಂದು ಟೋಗೋ ದೇಶದ ರಾಜಧಾನಿ ಲೋಮೆಯಲ್ಲಿ ಒಪ್ಪಂದಕ್ಕೆ ಸಹಿಯಾಯಿತು. ಆಫ್ರಿಕಾ, ಕೆರಿಬಿಯನ್, ಪೆಸಿಫಿಕ್‌ನ 46 ದೇಶಗಳು ಒಂದು ಕಡೆ, ಯುರೋಪಿನ ಒಂಬತ್ತು ದೇಶಗಳು ಇನ್ನೊಂದು ಕಡೆ. ಅದಕ್ಕೆ ಮೂರು ವಾರ ಮೊದಲಷ್ಟೇ ಗೆರ್ವೇಸ್ ಚಂಡಮಾರುತ ಮಾರಿಷಸ್‌ನ ಕಬ್ಬನ್ನು ಮಲಗಿಸಿತ್ತು. ಲೋಮೆಯ ಜತೆ ಬಂದ ಸಕ್ಕರೆ ಪ್ರೊಟೊಕಾಲ್‌ನ ಮುಖ್ಯ ಅಂಶಗಳು ಇವು:

* ಪ್ರತಿ ದೇಶಕ್ಕೂ ನಿಗದಿತ ಕೋಟಾ. ಅಷ್ಟನ್ನು ಕೊಡುವುದು ಆ ದೇಶದ ಹೊಣೆ, ಕೊಳ್ಳುವುದು ಯುರೋಪಿನ ಹೊಣೆ.
* ಈ ಸಕ್ಕರೆಗೆ ಲೆವಿ ಇಲ್ಲ. ಬೆಲೆ ಪ್ರತಿ ವರ್ಷ ಮಾತುಕತೆಯಿಂದ, ಯುರೋಪಿನ ಬೀಟ್ ಸಕ್ಕರೆಯ ಬೆಲೆಯ ಮಟ್ಟದಲ್ಲಿ.
* ಒಪ್ಪಂದಕ್ಕೆ ಮುಕ್ತಾಯದ ದಿನಾಂಕ ಇಲ್ಲ.
* ಕಾರಣವಿಲ್ಲದೆ ಕೋಟಾದಷ್ಟು ಸಕ್ಕರೆ ಕೊಡದಿದ್ದರೆ ಕೊಡದ ಪಾಲು ಕೈತಪ್ಪುತ್ತದೆ. ಚಂಡಮಾರುತದಂಥ ಪ್ರಕೃತಿ ವಿಕೋಪಕ್ಕೆ ವಿನಾಯಿತಿ.

ಮಾರಿಷಸ್‌ಗೆ ಸಿಕ್ಕ ಕೋಟಾ 4,87,200 ಟನ್. ಎಲ್ಲರಿಗಿಂತ ದೊಡ್ಡ ಪಾಲು, ಒಟ್ಟು ಕೋಟಾದ ಮೂರನೇ ಒಂದಕ್ಕೂ ಹೆಚ್ಚು. ಮುಂದೆ ಇದು 4,91,030 ಟನ್‌ಗೆ ನಿಂತಿತು. ಫಿಜಿಗೆ 1,63,600 ಟನ್, ಗಯಾನಾಕ್ಕೆ 1,57,700 ಟನ್, ಜಮೈಕಾಕ್ಕೆ 1,18,300 ಟನ್ ಸಿಕ್ಕಿತು. ಇದೇ ಷರತ್ತುಗಳ ಪ್ರತ್ಯೇಕ ಒಪ್ಪಂದದಲ್ಲಿ ಭಾರತಕ್ಕೆ 25,000 ಟನ್ ಸಿಕ್ಕಿತು. ಭಾರತ ಸಮಯಕ್ಕೆ ಸರಿಯಾಗಿ ಪೂರೈಸಲಾಗದ ಕಾರಣ 1980ರ ದಶಕದಲ್ಲಿ ಅದು 10,000 ಟನ್‌ಗೆ ಇಳಿಯಿತು.

ಮುಂದಿನ ವರ್ಷಗಳಲ್ಲಿ ವಿಶ್ವ ಬೆಲೆ ಬಿದ್ದಿತು. 1978ರ ಹೊತ್ತಿಗೆ ಹತ್ತು ಸೆಂಟ್‌ಗಿಂತ ಕೆಳಗೆ ಬಂತು. 1974ರ ಲಾಭ ಬಿಟ್ಟು ಖಾತರಿ ಹಿಡಿದವರ ಲೆಕ್ಕ ಸರಿಯಾಗಿತ್ತು.

ಖಾತರಿ ಹಣ ಎಲ್ಲಿಗೆ ಹೋಯಿತು?

ಯುರೋಪಿನಿಂದ ಬಂದ ಹಣದ ಹಂಚಿಕೆಗೆ ಮಾರಿಷಸ್‌ನಲ್ಲಿ ಒಂದು ವ್ಯವಸ್ಥೆ ಇತ್ತು. ಸಕ್ಕರೆಯನ್ನು ಫ್ಯಾಕ್ಟರಿಗಳು ಬೇರೆ ಬೇರೆಯಾಗಿ ಮಾರುವಂತಿರಲಿಲ್ಲ. 1919ರಲ್ಲಿ ಹುಟ್ಟಿದ ಮಾರಿಷಸ್ ಶುಗರ್ ಸಿಂಡಿಕೇಟ್ ಎಲ್ಲರ ಸಕ್ಕರೆಯನ್ನೂ ಒಟ್ಟಿಗೆ ಮಾರಿ, ಬಂದ ಸರಾಸರಿ ಬೆಲೆಯನ್ನು ಹಂಚುತ್ತಿತ್ತು. ಯುರೋಪಿನ ಹೆಚ್ಚಿನ ದರ ಎಸ್ಟೇಟಿಗೂ ಅರ್ಧ ಎಕರೆಯವನಿಗೂ ಒಂದೇ ರೀತಿ ತಲುಪುತ್ತಿತ್ತು. ಬೆಳೆಗಾರನಿಗೆ ಕಬ್ಬಿನ ಟನ್ನಿಗೆ ಇಷ್ಟು ಎಂಬ ದರ ಅಲ್ಲಿಲ್ಲ. ಅವನ ಕಬ್ಬಿನಿಂದ ಬಂದ ಸಕ್ಕರೆಯಲ್ಲೇ ಪಾಲು. 1980ರ ದಶಕದ ಕೊನೆಯ ಸುಧಾರಣೆಯ ನಂತರ ಶೇ. 78 ಬೆಳೆಗಾರನಿಗೆ, ಶೇ. 22 ಫ್ಯಾಕ್ಟರಿಗೆ ಎಂದಾಯಿತು. ಚಂಡಮಾರುತ, ಬರಗಾಲದ ನಷ್ಟಕ್ಕೆ 1946ರಿಂದಲೇ ವಿಮಾ ನಿಧಿ ಇತ್ತು.

ಸರ್ಕಾರ ಸಕ್ಕರೆಯ ರಫ್ತಿನ ಮೇಲೆ ತೆರಿಗೆ ಹಾಕಿ, ದೊಡ್ಡವರಿಂದ ಹೆಚ್ಚು ವಸೂಲು ಮಾಡುತ್ತಿತ್ತು. ಈ ತೆರಿಗೆ 1994ರಲ್ಲಿ ರದ್ದಾಯಿತು. ಶಾಲೆ, ಆಸ್ಪತ್ರೆ, ಅಗ್ಗದ ಅಕ್ಕಿ, ಹಿಟ್ಟಿಗೆ ಸರ್ಕಾರದ ಬೊಕ್ಕಸ ತುಂಬುವುದರಲ್ಲಿ ಸಕ್ಕರೆಯದು ದೊಡ್ಡ ಪಾತ್ರ. 1977ರಿಂದ ಪ್ರೌಢಶಾಲಾ ಶಿಕ್ಷಣ ಉಚಿತವಾಯಿತು.

ಇನ್ನೊಂದು ಪಾಲು ಹೊಸ ಉದ್ಯಮಕ್ಕೆ ಹರಿಯಿತು. 1970ರಲ್ಲಿ ಮಾರಿಷಸ್ ರಫ್ತು ಸಂಸ್ಕರಣಾ ವಲಯದ ಕಾಯಿದೆ ಮಾಡಿತ್ತು. ಸಕ್ಕರೆ ಎಸ್ಟೇಟ್‌ಗಳ ಮಾಲೀಕರು ಅದರಲ್ಲಿ ಹಣ ಹೂಡಿದರು. ಮಾರಿಷಸ್‌ನಲ್ಲಿ ಹೊಲಿದ ಬಟ್ಟೆ ಯುರೋಪಿಗೆ ಸುಂಕವಿಲ್ಲದೆ ಹೋಗಬಹುದಿತ್ತು. ಬಟ್ಟೆಯ ಕೋಟಾಗಳಿಂದ ಕೈಕಟ್ಟಿಹೋಗಿದ್ದ ಹಾಂಗ್‌ಕಾಂಗ್ ವ್ಯಾಪಾರಿಗಳೂ ಇದಕ್ಕಾಗಿಯೇ ಇಲ್ಲಿಗೆ ಬಂದರು. ಕಬ್ಬಿನ ಗದ್ದೆಗೆ ಹೋಗುತ್ತಿದ್ದವರ ಹೆಣ್ಣುಮಕ್ಕಳು ಸ್ವೆಟರ್, ಅಂಗಿ ಫ್ಯಾಕ್ಟರಿಗೆ ಹೊರಟರು. 1980ರ ದಶಕದ ಮಧ್ಯದಲ್ಲಿ ಈ ವಲಯದ ರಫ್ತು ಸಕ್ಕರೆಯನ್ನು ಹಿಂದಿಕ್ಕಿತು.

ಇದೇ ಪ್ರೊಟೊಕಾಲ್ ಇದ್ದ ಎಲ್ಲ ದೇಶಗಳೂ ಹೀಗೆ ಬೆಳೆಯಲಿಲ್ಲ. ಕೆರಿಬಿಯನ್ ದ್ವೀಪಗಳಲ್ಲಿ ಕೆಲವು ತಮ್ಮ ಕೋಟಾದಷ್ಟು ಸಕ್ಕರೆಯನ್ನೂ ತೆಗೆಯಲಾಗದೆ, ಖಾತರಿ ಬೆಲೆಯಿದ್ದೂ ಸೊರಗಿದವು. ಟ್ರಿನಿಡಾಡ್, ಸೇಂಟ್ ಕಿಟ್ಸ್ ಕೊನೆಗೆ ಸಕ್ಕರೆ ಕೆಲಸವನ್ನೇ ನಿಲ್ಲಿಸಿದವು.

ಖಾತರಿ ಮುಗಿದದ್ದು

ಯುರೋಪಿನ ನೀತಿಯಲ್ಲಿ ಒಂದು ವಿಚಿತ್ರ ಇತ್ತು. ಅದು ಮಾರಿಷಸ್ ಮೊದಲಾದ ದೇಶಗಳಿಂದ ಹೆಚ್ಚಿನ ದರಕ್ಕೆ ಸಕ್ಕರೆ ಕೊಳ್ಳುತ್ತಿತ್ತು. ತನ್ನಲ್ಲೇ ಬೀಟ್ ಸಕ್ಕರೆ ಮಿಕ್ಕುತ್ತಿದ್ದರಿಂದ ಹೆಚ್ಚು ಕಡಿಮೆ ಅಷ್ಟೇ ಪ್ರಮಾಣವನ್ನು ಸಬ್ಸಿಡಿ ಕೊಟ್ಟು ಹೊರದೇಶಕ್ಕೆ ಅಗ್ಗಕ್ಕೆ ಮಾರುತ್ತಿತ್ತು. ಇದರಿಂದ ವಿಶ್ವ ಬೆಲೆ ಇನ್ನೂ ಬೀಳುತ್ತದೆ ಎಂದು ಬ್ರೆಜಿಲ್, ಆಸ್ಟ್ರೇಲಿಯಾ, ಥಾಯ್ಲೆಂಡ್ ವಿಶ್ವ ವ್ಯಾಪಾರ ಸಂಸ್ಥೆಗೆ ದೂರು ಕೊಟ್ಟವು. ಯುರೋಪ್ ಸಬ್ಸಿಡಿ ಕೊಟ್ಟು ರಫ್ತು ಮಾಡಬಹುದಾದ ಮಿತಿ ವರ್ಷಕ್ಕೆ ಸುಮಾರು 12.7 ಲಕ್ಷ ಟನ್. ಆಫ್ರಿಕಾ, ಕೆರಿಬಿಯನ್, ಪೆಸಿಫಿಕ್ ಮತ್ತು ಭಾರತದಿಂದ ಕೊಂಡದ್ದಕ್ಕೆ ಸಮನಾದ ಸುಮಾರು 16 ಲಕ್ಷ ಟನ್ನನ್ನು ಅದು ಈ ಮಿತಿಯ ಲೆಕ್ಕಕ್ಕೇ ಹಿಡಿದಿರಲಿಲ್ಲ. 2005ರ ಏಪ್ರಿಲ್ 28ರಂದು ಮೇಲ್ಮನವಿ ಮಂಡಳಿಯ ತೀರ್ಪು ಯುರೋಪಿನ ವಿರುದ್ಧ ಬಂತು.

ಒಳಗೂ ಒತ್ತಡ ಇದ್ದುದರಿಂದ ಯುರೋಪ್ ಸಕ್ಕರೆ ನೀತಿಯನ್ನೇ ಬದಲಿಸಿತು. 2006ರಿಂದ ನಾಲ್ಕು ವರ್ಷದಲ್ಲಿ ಬೆಲೆಯನ್ನು ಶೇ. 36ರಷ್ಟು ಇಳಿಸುವುದಾಗಿ ತೀರ್ಮಾನಿಸಿತು. ಕಚ್ಚಾ ಸಕ್ಕರೆಗೆ ಟನ್ನಿಗೆ 523.70 ಯೂರೋ ಇದ್ದ ಖಾತರಿ 335.20 ಯೂರೋಗೆ ಇಳಿಯಿತು. 2007ರ ಸೆಪ್ಟೆಂಬರ್‌ನಲ್ಲಿ ಪ್ರೊಟೊಕಾಲ್‌ನಿಂದ ಹೊರಬರುವುದಾಗಿ ಯುರೋಪ್ ನೋಟಿಸ್ ಕೊಟ್ಟಿತು. ಮುಕ್ತಾಯದ ದಿನಾಂಕವೇ ಇಲ್ಲದ ಒಪ್ಪಂದ 2009ರ ಸೆಪ್ಟೆಂಬರ್ 30ಕ್ಕೆ ಮುಗಿಯಿತು. ಆ ಬಳಿಕ ಸುಂಕವಿಲ್ಲದ ಪ್ರವೇಶ ಉಳಿಯಿತು, ಖಾತರಿ ಬೆಲೆ ಹೋಯಿತು. 2017ರ ಸೆಪ್ಟೆಂಬರ್ 30ರಂದು ಯುರೋಪಿನ ಬೀಟ್ ರೈತರ ಉತ್ಪಾದನಾ ಕೋಟಾ ಕೂಡ ರದ್ದಾಗಿ, ಮಾರುಕಟ್ಟೆಯಲ್ಲಿ ಸಕ್ಕರೆ ತುಂಬಿ ದರ ಮತ್ತೆ ಕುಸಿಯಿತು.

ಮಾರಿಷಸ್ ಮಾಡಿದ ಬದಲಾವಣೆ

ಬರುವುದು ಕಂಡಿದ್ದರಿಂದ ಮಾರಿಷಸ್ ಮೊದಲೇ ತಯಾರಿ ನಡೆಸಿತು. 1970ರ ದಶಕದಲ್ಲಿ 20ರ ಆಸುಪಾಸಿನಲ್ಲಿದ್ದ ಫ್ಯಾಕ್ಟರಿಗಳ ಸಂಖ್ಯೆ 2010ರ ದಶಕದಲ್ಲಿ ನಾಲ್ಕಕ್ಕೆ ಇಳಿಯಿತು. ಉಳಿದವು ದೊಡ್ಡದಾದವು. ಕೆಲಸ ಕಳೆದುಕೊಂಡವರಿಗೆ ಸ್ವಯಂ ನಿವೃತ್ತಿ ಯೋಜನೆಯಡಿ ಹಣದ ಜತೆ ಒಂದು ನಿವೇಶನವನ್ನೂ ಕೊಡಲಾಯಿತು. ಕಚ್ಚಾ ಸಕ್ಕರೆ ಕಳುಹಿಸುತ್ತಿದ್ದ ದೇಶ ತನ್ನಲ್ಲೇ ಸಂಸ್ಕರಿಸಿ ಬಿಳಿ ಸಕ್ಕರೆ ರಫ್ತು ಮಾಡತೊಡಗಿತು. ಡೆಮೆರಾರಾ, ಮಸ್ಕೊವಾಡೊ ಎಂಬ ಬೆಲ್ಲದ ಬಣ್ಣದ ವಿಶೇಷ ಸಕ್ಕರೆಗಳಿಗೆ ಹೆಚ್ಚಿನ ದರ ಸಿಗುತ್ತದೆ. ಕಬ್ಬಿನ ಸಿಪ್ಪೆಯಿಂದ ವಿದ್ಯುತ್, ಕಾಕಂಬಿಯಿಂದ ಎಥನಾಲ್ ಮತ್ತು ರಮ್ ತಯಾರಾಗುತ್ತದೆ.

ಆದರೂ ನಷ್ಟ ದೊಡ್ಡದು. 1973ರಲ್ಲಿ 7 ಲಕ್ಷ ಟನ್ ದಾಟಿದ್ದ ಸಕ್ಕರೆ ಉತ್ಪಾದನೆ 2020ರ ದಶಕದಲ್ಲಿ 3 ಲಕ್ಷ ಟನ್‌ಗಿಂತ ಕಡಿಮೆ. ಸಣ್ಣ ಬೆಳೆಗಾರರಲ್ಲಿ ಸಾವಿರಾರು ಜನ ಕಬ್ಬು ಬಿಟ್ಟರು. ಕೂಲಿಯಾಳು ಸಿಗದೆ, ಯಂತ್ರ ಇಳಿಸಲು ಕಲ್ಲು ಹೊಲ ಒಗ್ಗದೆ, ಮಕ್ಕಳು ಪಟ್ಟಣದ ಕೆಲಸ ಹಿಡಿದಿದ್ದರಿಂದ ಅಜ್ಜಂದಿರು ಕೂಲಿ ಉಳಿಸಿ ಕೊಂಡ ಜಮೀನು ಅನೇಕ ಕಡೆ ಪಾಳು ಬಿದ್ದಿದೆ.

2020ರಲ್ಲಿ ಬ್ರಿಟನ್ ಯುರೋಪಿನ ಒಕ್ಕೂಟದಿಂದ ಹೊರಬಿದ್ದಿತು. ಮಾರಿಷಸ್ ಅದಕ್ಕೂ ಮೊದಲೇ, 2019ರ ಜನವರಿಯಲ್ಲಿ, ಬ್ರಿಟನ್ ಜತೆ ಬೇರೆ ಒಪ್ಪಂದ ಮಾಡಿಕೊಂಡು ಸುಂಕವಿಲ್ಲದ ಪ್ರವೇಶ ಉಳಿಸಿಕೊಂಡಿತ್ತು. 1970ರ ದಶಕದಲ್ಲಿ ಹೊರಬಿದ್ದಿದ್ದ ಆಸ್ಟ್ರೇಲಿಯಾ, 2023ರ ಮೇ 31ರಂದು ಜಾರಿಯಾದ ಒಪ್ಪಂದದಿಂದ ಬ್ರಿಟನ್ನಿನ ಸಕ್ಕರೆ ಮಾರುಕಟ್ಟೆಗೆ ರಿಯಾಯಿತಿಯೊಂದಿಗೆ ಮರಳಿತು. ಭಾರತ ಮತ್ತು ಮಾರಿಷಸ್ ನಡುವಿನ ಒಪ್ಪಂದ 2021ರ ಏಪ್ರಿಲ್ 1ರಂದು ಜಾರಿಗೆ ಬಂದಿದ್ದು, ಮಾರಿಷಸ್‌ನ ವಿಶೇಷ ಸಕ್ಕರೆಗೆ ಭಾರತದಲ್ಲಿ ರಿಯಾಯಿತಿ ಸಿಕ್ಕಿದೆ. ರಿಯಾಯಿತಿ ಬೇಡುತ್ತಿದ್ದ ಎರಡು ದೇಶಗಳಲ್ಲಿ ಒಂದು ಈಗ ಕೊಡುವ ಸ್ಥಾನದಲ್ಲಿದೆ.

ಮುಖ್ಯ ಇಸವಿಗಳು

* 1825: ಬ್ರಿಟನ್‌ನಲ್ಲಿ ಮಾರಿಷಸ್ ಸಕ್ಕರೆಗೆ ವೆಸ್ಟ್ ಇಂಡೀಸ್‌ನಷ್ಟೇ ಸುಂಕ
* 1834: ಭಾರತದಿಂದ ಕರಾರು ಕೂಲಿಗಳ ಆಗಮನ ಆರಂಭ
* 1951: ಕಾಮನ್‌ವೆಲ್ತ್ ಸಕ್ಕರೆ ಒಪ್ಪಂದ
* 1957: ರೋಮ್ ಒಪ್ಪಂದ
* 1961: ಬ್ರಿಟನ್ನಿನ ಮೊದಲ ಅರ್ಜಿ
* 1968: ಮಾರ್ಚ್‌ನಲ್ಲಿ ಮಾರಿಷಸ್ ಸ್ವಾತಂತ್ರ್ಯ, ಜುಲೈನಲ್ಲಿ ಯುರೋಪಿನ ಸಕ್ಕರೆ ನೀತಿ ಜಾರಿ
* 1972: ಯವುಂಡೆ ಒಪ್ಪಂದಕ್ಕೆ ಮಾರಿಷಸ್ ಸೇರ್ಪಡೆ
* 1973: ಬ್ರಿಟನ್ ಯುರೋಪಿಯನ್ ಸಮುದಾಯದ ಸದಸ್ಯ
* 1975: ಲೋಮೆ ಒಪ್ಪಂದ, ಸಕ್ಕರೆ ಪ್ರೊಟೊಕಾಲ್
* 2005: ವಿಶ್ವ ವ್ಯಾಪಾರ ಸಂಸ್ಥೆಯ ತೀರ್ಪು
* 2009: ಪ್ರೊಟೊಕಾಲ್ ಮುಕ್ತಾಯ
* 2017: ಯುರೋಪಿನ ಉತ್ಪಾದನಾ ಕೋಟಾ ರದ್ದು

ಪದಗಳ ಅರ್ಥ

* ವ್ಯಾಪಾರ ರಿಯಾಯಿತಿ: ಒಂದು ದೇಶದ ಸರಕಿಗೆ ಮಿಕ್ಕವರಿಗಿಂತ ಕಡಿಮೆ ಸುಂಕ ಹಾಕುವುದು, ಇಲ್ಲವೇ ಸುಂಕವನ್ನೇ ಬಿಡುವುದು.
* ಕೋಟಾ: ರಿಯಾಯಿತಿ ಅನ್ವಯವಾಗುವ ಗರಿಷ್ಠ ಪ್ರಮಾಣ. ಇದಕ್ಕಿಂತ ಹೆಚ್ಚಿಗೆ ತಂದರೆ ಪೂರ್ತಿ ಸುಂಕ.
* ಲೆವಿ: ಹೊರಗಿನ ಅಗ್ಗದ ಸರಕನ್ನು ಒಳಗಿನ ಬೆಲೆಯ ಮಟ್ಟಕ್ಕೆ ತರಲು ಗಡಿಯಲ್ಲಿ ವಸೂಲು ಮಾಡುವ ಮೊತ್ತ.
* ಖಾತರಿ ಬೆಲೆ: ಮಾರುಕಟ್ಟೆ ಏರಿದರೂ ಇಳಿದರೂ ಕೊಡಲೇಬೇಕಾದ, ಮೊದಲೇ ಒಪ್ಪಿಕೊಂಡ ಬೆಲೆ.
* ಪ್ರೊಟೊಕಾಲ್: ದೊಡ್ಡ ಒಪ್ಪಂದಕ್ಕೆ ಸೇರಿಸಿದ, ಒಂದೇ ವಿಷಯಕ್ಕೆ ಸಂಬಂಧಿಸಿದ ಉಪ ಒಪ್ಪಂದ.